ಕೂಡಿಹಾಕಬಾರದು

ಮೊನ್ನೆ ನಮ್ಮ ದನದ ಕಿವಿಗೆ ನಂಬರಿನ ಬಿಲ್ಲೆ ಹಾಕಲಿಕ್ಕೆ ಪಶು ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಬಂದಿದ್ದಳು. ಕೆಲಸಕ್ಕೆ ಸೇರಿ ಆರು ತಿಂಗಳಾಯಿತಂತೆ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುವಾಗ ನಾನೂ ಅದೇ ಇಲಾಖೆಯಲ್ಲಿ ಮಣ್ಣು ಹೊತ್ತವ ಅಂತ ಗೊತ್ತಾಗಿ ಕೇಳಿದಳು, "ಅಜ್ಜ, ಆಡನ್ನೂ ಕೋಳಿಯನ್ನೂ ಒಂದೇ ಹಟ್ಟಿಯಲ್ಲಿ ಸಾಕಬಹುದಾ ಅಂತ ಹೋದಲ್ಲೆಲ್ಲ ಕೇಳ್ತಾರೆ. ನಿಮ್ಮ ಕಾಲದಲ್ಲಿ ಎಂತ ಹೇಳ್ತಿದ್ರಿ?"

ಬೇಡ ಅಂತ ಒಂದೇ ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಆ ಒಂದೇ ಮಾತನ್ನು ಹೇಳಿಯೇ ನಾನು ಒಮ್ಮೆ ಕೆಟ್ಟದ್ದು. ಅವಳಿಗೆ ಅವತ್ತು ಇನ್ನೂ ನಾಲ್ಕು ಮನೆ ಇತ್ತು, ಹೊರಟಳು. ಹೇಳಲಿಕ್ಕೆ ಆಗದ್ದನ್ನು ಈಗ ಬರೆಯುತ್ತಿದ್ದೇನೆ. ಎಂಬತ್ತು ದಾಟಿದೆ, ಕೈ ನಡುಗುತ್ತದೆ, ಆದರೆ ನೆನಪಿಗೆ ಇನ್ನೂ ನಡುಕ ಬಂದಿಲ್ಲ.

ನಾನು ಸ್ಟಾಕ್‌ಮ್ಯಾನ್ ಆಗಿ ಸೇರುವಾಗ ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಸುಳ್ಯ, ಕಡಬ ಎಲ್ಲ ಪುತ್ತೂರು ತಾಲೂಕಿನೊಳಗೇ. ಸ್ಟಾಕ್‌ಮ್ಯಾನ್ ಅಂದರೆ ಡಾಕ್ಟರಲ್ಲ, ಡಾಕ್ಟರ ಚೀಲ ಹಿಡಿಯುವವನೂ ಅಲ್ಲ, ಎರಡರ ನಡುವಿನ ಒಂದು ಪ್ರಾಣಿ. ಮದ್ದು ಕುಡಿಸುದು, ಗಾಯ ತೊಳೆಯುದು, ಊರೂರು ತಿರುಗಿ ದನಕ್ಕೂ ಕೋಳಿಗೂ ಚುಚ್ಚುದು. ನಮ್ಮ ಮನೆ ಬೆಟ್ಟಂಪಾಡಿಯಲ್ಲಿ. ಬ್ರಾಹ್ಮಣರ ಮನೆ, ದನ ಗೊತ್ತಿತ್ತು. ಕೋಳಿ ಅಂದರೆ ನನಗೆ ಬೇಲಿಯ ಆಚೆ ಬೆಳಗ್ಗೆ ಕೂಗುವ ಒಂದು ಸ್ವರ, ಅಷ್ಟೆ.

ಮೊದಲ ಕೋಳಿಯನ್ನು ಹಿಡಿದದ್ದು ಪೆರಾಬೆಯಲ್ಲಿ. ಆ ವರ್ಷ ಕೋಳಿಗಳಿಗೆ ರಾಣಿಕೇತ್ ರೋಗ ಹಬ್ಬಿತ್ತು. ಕತ್ತು ತಿರುಚಿಕೊಂಡು, ಹಸಿರು ಹಸಿರು ಹೇತು, ಬೆಳಗ್ಗೆ ಇದ್ದದ್ದು ಸಂಜೆಗೆ ಇಲ್ಲ. ರೆಕ್ಕೆಯ ಅಡಿಯ ತೊಗಲಿಗೆ ಮದ್ದು ಚುಚ್ಚಬೇಕು. ನಾನು ಎರಡು ಬೆರಳಿನಲ್ಲಿ ರೆಕ್ಕೆಯ ತುದಿ ಹಿಡಿದು ಮುಖ ಅತ್ತ ತಿರುಗಿಸಿ ನಿಂತಿದ್ದೆ. ಆ ಮನೆಯ ಮುದುಕಿ ನೋಡಿ ನೋಡಿ ಹೇಳಿದಳು, "ಭಟ್ರೆ, ಅದು ಸಾಲಿಗ್ರಾಮ ಅಲ್ಲ, ಗಟ್ಟಿ ಹಿಡೀರಿ." ಅಂಗಳದಲ್ಲಿದ್ದ ಅಷ್ಟೂ ಜನ ನಕ್ಕರು, ಕೋಳಿ ಹಾರಿ ಮನೆಯ ಮಾಡು ಹತ್ತಿತು. ವರ್ಷ ತುಂಬುವುದರೊಳಗೆ ನನಗೆ 'ಕೋಳಿ ಭಟ್ರು' ಅಂತ ಹೆಸರಾಯಿತು. ಮನೆಗೆ ಹೋದರೆ ಅಮ್ಮ ಬಾವಿಕಟ್ಟೆಯಿಂದಲೇ ಕೇಳುವಳು, "ಇವತ್ತು ದನವೋ ಕೋಳಿಯೋ?" ದನ ಅಂದರೆ ಕಾಲು ತೊಳೆದು ಒಳಗೆ ಬರಬಹುದು. ಕೋಳಿ ಅಂದರೆ ತಲೆಗೆ ನೀರು ಬಿದ್ದ ಮೇಲೆಯೇ ಊಟ. ಮಳೆಗಾಲದಲ್ಲಿ ಎಷ್ಟೋ ಸಲ ದನ ಅಂತ ಸುಳ್ಳು ಹೇಳಿದ್ದೇನೆ.

ಈಗ ಆಡು-ಕೋಳಿಯ ವಿಷಯಕ್ಕೆ ಬರುತ್ತೇನೆ. ಆ ಕಾಲದಲ್ಲಿ ಸಣ್ಣ ಸಣ್ಣ ಮನೆಗಳಲ್ಲಿ ಎರಡಕ್ಕೂ ಒಂದೇ ಗೂಡು. ನೆಲದಿಂದ ಸೊಂಟದೆತ್ತರಕ್ಕೆ ಅಡಿಕೆ ಸಲಾಕೆಯ ಅಟ್ಟ, ಸಲಾಕೆಗಳ ನಡುವೆ ಬೆರಳು ಹೋಗುವಷ್ಟು ಸಂದು. ಅಟ್ಟದ ಮೇಲೆ ಆಡು, ಅಡಿಯಲ್ಲಿ ಕೋಳಿ. ಹಿಕ್ಕೆ ಎಲ್ಲ ಸಂದಿನಲ್ಲಿ ಕೆಳಗೆ ಬೀಳುತ್ತದೆ, ಆಡಿನ ಕಾಲು ಒಣಗಿರುತ್ತದೆ. ಕೋಳಿ ಆ ಹಿಕ್ಕೆಯನ್ನು ಕೆದಕಿ ಹುಳ ತಿನ್ನುತ್ತದೆ. ನೋಡಲಿಕ್ಕೆ ಬಹಳ ಬುದ್ಧಿವಂತಿಕೆಯ ಏರ್ಪಾಡು. ಅರ್ಧ ನಿಜವೂ ಹೌದು.

ಉಳಿದ ಅರ್ಧ ನಮಗೆ ಕೆಲಸ ಕೊಡುತ್ತಿತ್ತು. ರಾತ್ರಿಯಿಡೀ ಆಡಿನ ಮೂತ್ರ ಕೋಳಿಯ ಮೈಮೇಲೆ. ಮಳೆಗಾಲದಲ್ಲಿ ಕೋಳಿಗೆ ಕಣ್ಣು ಊದಿ ಮೂಗು ಸುರಿಯುವುದು ತಪ್ಪುತ್ತಿರಲಿಲ್ಲ. ಬುದ್ಧಿ ಇದ್ದ ಕೋಳಿ ಅಡಿಯಲ್ಲಿ ನಿಲ್ಲುತ್ತಿರಲಿಲ್ಲ, ಮೇಲೆ ಹತ್ತಿ ಆಡಿನ ಬೆನ್ನಿನ ಮೇಲೇ ಕೂರುತ್ತಿತ್ತು. ಆಗ ಆಡಿನ ಸೊಪ್ಪಿಗೂ ನೀರಿಗೂ ಕೋಳಿಯ ಹಿಕ್ಕೆ. ಕೋಳಿಗೆ ಇಟ್ಟ ತೌಡಿಗೆ ಆಡು ಬಾಯಿ ಹಾಕಿ ಹೊಟ್ಟೆ ಉಬ್ಬಿ ಸತ್ತದ್ದನ್ನು ನಾನೇ ಮೂರು ಕಡೆ ನೋಡಿದ್ದೇನೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡಿ ಅಂತ ಹೋದಲ್ಲೆಲ್ಲ ಹೇಳುತ್ತಿದ್ದೆ.

ಪೆರಾಬೆಯ ಒಬ್ಬ ಮುದುಕ ಮಾತ್ರ ನನ್ನನ್ನು ಕೈಹಿಡಿದು ತನ್ನ ಆಡಿನ ಹತ್ತಿರ ಕರೆದುಕೊಂಡು ಹೋದ. "ಇದರ ಕಿವಿಯ ಒಳಗೆ ನೋಡಿ, ಬಾಲದ ಅಡಿ ನೋಡಿ. ಒಂದು ಉಣ್ಣಿ ಉಂಟಾ? ಯಾರು ಹೆಕ್ಕಿದ್ದು ಗೊತ್ತುಂಟಾ?" ಹುಡುಕಿದೆ, ಒಂದೂ ಸಿಗಲಿಲ್ಲ. "ಹೆಕ್ಕಿದ್ದು ಕೋಳಿ. ನಿಮ್ಮ ಸರಕಾರ ಬಂದು ಹೆಕ್ಕುತ್ತದಾ?" ಅಂದ. ಉತ್ತರ ಇಲ್ಲದಾಗ ಸರಕಾರದ ಕೆಲಸದವರು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಚೀಲ ಹೆಗಲಿಗೆ ಹಾಕಿ ಮುಂದಿನ ಮನೆಗೆ ನಡೆದೆ.

ಅಷ್ಟರಲ್ಲಿ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತು. ಆ ಸಂತೋಷ ಈಗಿನವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಅದುವರೆಗೆ ಇಲಾಖೆಯಿಂದ ಬರುತ್ತಿದ್ದ ಕರಪತ್ರಗಳು ಒಂದೋ ಇಂಗ್ಲಿಷು, ಇಲ್ಲದಿದ್ದರೆ ತಮಿಳು. ಅದನ್ನು ಆಡಿನ ಹಟ್ಟಿಗೆ ಹಾಸಲಿಕ್ಕೂ ಆಗದು, ಅಷ್ಟು ನಯ ಕಾಗದ. ಈಗ ಬಂದದ್ದು ಅಚ್ಚ ಕನ್ನಡ. ಮೇಲಧಿಕಾರಿಯಾಗಿ ಬಂದ ಡಾಕ್ಟ್ರೂ ಮೈಸೂರಿನ ಕಡೆಯವರು. ಬೆಳ್ಳಗಿನ ಅಂಗಿ, ಕೈಯಲ್ಲಿ ಬೆತ್ತ, ಮಾತು ಅಳೆದು ತೂಗಿ. ತುಳುವಿನ ಒಂದಕ್ಷರ ತಿಳಿಯದು. ನನ್ನ ಕನ್ನಡ ಕೇಳಿ ಅವರು, "ಪರವಾಗಿಲ್ಲ ಕಣ್ರೀ, ಈ ಕಡೆಯವರಲ್ಲೂ ಶುದ್ಧವಾಗಿ ಮಾತಾಡೋರು ಇದ್ದಾರೆ" ಅಂದಿದ್ದರು. ಆ ಒಂದು ಮಾತು ನನ್ನ ತಲೆಗೆ ಏರಿತು. ಅವರ ಎದುರು ನಾನು 'ಎಂತ' ಅನ್ನುವುದನ್ನೇ ಬಿಟ್ಟೆ, 'ಏನು' ಅನ್ನತೊಡಗಿದೆ.

ಆಗ ನನ್ನ ಬಿಡಾರ ಸುಳ್ಯದಲ್ಲಿ. ಮಂಡೆಕೋಲಿಗೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ. ಜಾಲ್ಸೂರಿನವರೆಗೆ ಬಸ್ಸು, ಆಮೇಲೆ ನಡಿಗೆ. ಕೇರಳದ ಗಡಿ ಪಕ್ಕದಲ್ಲೇ, ಹಾಗಾಗಿ ಅಲ್ಲಿಯ ಒಂದೊಂದು ಮನೆಯಲ್ಲಿ ಒಂದೊಂದು ಭಾಷೆ. ಗುಡ್ಡದ ಬದಿಯಲ್ಲಿ ಬೀಫಾತುಮ್ಮ ಅಂತ ಒಬ್ಬರು ಬ್ಯಾರಿ ಹೆಂಗಸು ಇದ್ದರು. ಗಂಡ ತೀರಿಹೋಗಿದ್ದ. ಮಗಳು ಐಸಮ್ಮನನ್ನು ಮದುವೆ ಮಾಡಿ ಕೊಟ್ಟಾಗಿತ್ತು. ನಾಲ್ಕು ಆಡು, ಹತ್ತು ಹನ್ನೆರಡು ಕೋಳಿ, ಅವರ ಬದುಕು ಅದರ ಮೇಲೆಯೇ. ಮನೆಯೊಳಗೆ ಬ್ಯಾರಿ ಭಾಷೆ, ಹೊರಗೆ ತುಳು, ಗಡಿಯ ಆಚೆಯವರ ಹತ್ತಿರ ಮಲಯಾಳ. ಕನ್ನಡ ಮಾತ್ರ ಯಾರಾದರೂ ಸರಕಾರದವರು ಬಂದರೆ ಕಿವಿಗೆ ಬೀಳುವ ಭಾಷೆ.

ಹಿಂದಿನ ವರ್ಷ ಕೋಳಿ ರೋಗ ಬಂದಾಗ ಆ ಗುಡ್ಡದಲ್ಲಿ ಚುಚ್ಚಿಸಿಕೊಂಡದ್ದು ಅವರೊಬ್ಬರೇ. ಉಳಿದವರ ಕೋಳಿ ಪೂರ್ತಿ ಖಾಲಿ, ಅವರದ್ದು ಒಂದೂ ಸಾಯಲಿಲ್ಲ. ಅಂದಿನಿಂದ ನಾನು ಹೇಳಿದ್ದೇ ಅವರಿಗೆ ವೇದ ಅನ್ನಬೇಕೋ, ಕಿತಾಬು ಅನ್ನಬೇಕೋ. ನಾನು ಹೋದರೆ ಕುಡಿಯಲಿಕ್ಕೆ ನೀರು ಕೊಡುತ್ತಿರಲಿಲ್ಲ, ಭಟ್ರು ಕುಡಿಯುವುದಿಲ್ಲ ಅಂತ ಅವರೇ ತೀರ್ಮಾನ ಮಾಡಿದ್ದರು. ಎಳನೀರು ಕೊಯ್ಯಿಸಿ ಕತ್ತಿಯನ್ನು ಪಕ್ಕದಲ್ಲಿ ಇಡುತ್ತಿದ್ದರು. ನಾನೇ ಕೆತ್ತಿ ಕುಡಿಯಬೇಕು.

ಹೊಸ ಕರಪತ್ರ ಬಂದದ್ದೇ ಮಂಡೆಕೋಲಿನ ಶಾಲೆಯ ಜಗಲಿಯಲ್ಲಿ ಒಂದು ಸಭೆ ಇಟ್ಟೆವು. ಡಾಕ್ಟ್ರೇ ಬಂದಿದ್ದರು. ಗಂಡಸರು ಬೆಂಚಿನಲ್ಲಿ, ಹೆಂಗಸರು ಹಿಂದೆ ಗೋಡೆಗೆ ಒರಗಿ. ಬೀಫಾತುಮ್ಮನೂ ಇದ್ದರು. "ನೀವೇ ಓದ್ರೀ" ಅಂತ ಡಾಕ್ಟ್ರು ಕರಪತ್ರವನ್ನು ನನ್ನ ಕೈಗೆ ಕೊಟ್ಟರು. ಎದುರಿಗೆ ಇದ್ದವರೆಲ್ಲ ತುಳು ಬಲ್ಲವರು. ನನಗೂ ಅಮ್ಮನ ಹೊಟ್ಟೆಯಿಂದ ಬಂದ ಹಾಗೆ ತುಳು ಬರುತ್ತದೆ. ಆದರೆ ಪಕ್ಕದಲ್ಲಿ ನಿಂತವರಿಗೆ ಬರುವುದಿಲ್ಲವಲ್ಲ. ಹರಿಕತೆ ದಾಸರ ಹಾಗೆ ಗಂಟಲು ಸರಿಮಾಡಿ ಓದಿದೆ: "ಆಡು ಮತ್ತು ಕೋಳಿಗಳನ್ನು ಎಂದಿಗೂ ಕೂಡಿಹಾಕಬಾರದು." ಚಂದ ಕೇಳಿಸಿತು ಅಂತ ಇನ್ನೊಮ್ಮೆ ಓದಿದೆ.

ಓದಿ ಮುಗಿಸಿ, "ಎಲ್ಲರಿಗೂ ಅರ್ಥವಾಯಿತಷ್ಟೆ?" ಅಂತ ಕೇಳಿದೆ. ಮೊದಲು ತಲೆಯಾಡಿಸಿದ್ದು ಬೀಫಾತುಮ್ಮ. ಅವರನ್ನು ನೋಡಿ ಉಳಿದವರೂ ಆಡಿಸಿದರು. ವಾಪಸು ಬರುವಾಗ ಡಾಕ್ಟ್ರು ನನ್ನ ಬೆನ್ನು ತಟ್ಟಿದರು.

ಮತ್ತೆ ನಾನು ಆ ಕಡೆ ಹೋದದ್ದು ಎರಡು ವಾರ ಕಳೆದು, ಒಂದು ಮಂಗಳವಾರ. ಹೆಗಲಲ್ಲಿ ಮದ್ದಿನ ಫ್ಲಾಸ್ಕು. ಕೋಳಿಯ ಮದ್ದನ್ನು ತಣ್ಣಗೆ ಇಡಬೇಕು. ಮಂಗಳೂರಿನಿಂದ ಮರದ ಹೊಟ್ಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಬರುವ ಐಸನ್ನು ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿ ಅದರೊಳಗೆ ಕುಪ್ಪಿ ಇಟ್ಟು ತಿರುಗುವುದು. ಬೀಫಾತುಮ್ಮನ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಕಂಡದ್ದು ಗೂಡು. ಗುಡಿಸಿ, ತೊಳೆದು, ಸುಣ್ಣ ಬಳಿದು, ಬಾಗಿಲು ತೆರೆದಿಟ್ಟಿತ್ತು. ಒಳಗೆ ಒಂದು ರೋಮವೂ ಇಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಬೀಫಾತುಮ್ಮ ಹೊರಗೆ ಬರುವ ಮೊದಲೇ ಮಾತು ಸುರುಮಾಡಿದೆ. "ಹೀಗಿರಬೇಕು ನೋಡಿ. ನಾಲ್ಕು ಜನ ನಿಮ್ಮನ್ನು ನೋಡಿ ಕಲಿಯಬೇಕು. ಬೇರೆ ಗೂಡು ಎಲ್ಲಿ ಕಟ್ಟಿದ್ರಿ?"

ಅವರು ಬಾಗಿಲ ಹತ್ತಿರವೇ ನಿಂತರು. "ಬೇರೆ ಗೂಡು ಎಂತದು ಭಟ್ರೆ? ಗೂಡಿಗೆ ಹಾಕಬಾರದು ಅಂತ ನೀವೇ ಅಲ್ಲವಾ ಹೇಳಿದ್ದು?"

ನನಗೆ ಕೂಡಲೇ ತಿಳಿಯಲಿಲ್ಲ. ಅವರು ತುಳುವಿನಲ್ಲಿ ನಿಧಾನವಾಗಿ ಹೇಳಿದರು, ನಾನು ನಿಂತು ಕೇಳಿದೆ. ಅವರ ಮಾತಿನಲ್ಲಿ ಕೂಡು ಅಂದರೆ ಗೂಡು. ಮಲಯಾಳದಲ್ಲೂ ಹಾಗೆಯೇ. ಆಡು, ಕೋಳಿ, ಕೂಡಿ, ಹಾಕಬಾರದು. ಆಡನ್ನೂ ಕೋಳಿಯನ್ನೂ ಕೂಡಿನಲ್ಲಿ ಹಾಕಬಾರದು. ಸರಕಾರದ ಆರ್ಡರು. ಹೇಳಿದವ ಅವರ ಕೋಳಿ ಉಳಿಸಿದ ಭಟ್ರು. ಅವತ್ತೇ ಸಂಜೆಗೆ ಆಡುಗಳನ್ನು ಅಂಗಳದ ಹಲಸಿನ ಮರದ ಬುಡಕ್ಕೆ ಕಟ್ಟಿದರು, ಕೋಳಿಗಳನ್ನು ಗೇರು ಮರ ಹತ್ತಲಿಕ್ಕೆ ಬಿಟ್ಟರು. ಖಾಲಿಯಾದ ಗೂಡಿಗೆ ಸುಣ್ಣ ಬಳಿದರು. ನಾಲ್ಕನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಒಂದು ಹಗ್ಗ ತುಂಡಾಗಿತ್ತು. ಅಂಗಳದ ಕೊನೆಯವರೆಗೆ ಎಳೆದ ಗುರುತು. ಚಿರತೆ.

ಹೋದದ್ದು ಬೊಳ್ಳಿ, ಅವರ ಬಿಳಿ ಆಡು. ನಾಲ್ಕರಲ್ಲಿ ಹಾಲು ಕೊಡುತ್ತಿದ್ದದ್ದು ಅದೊಂದೇ. ಉಳಿದ ಮೂರರಲ್ಲಿ ಒಂದು ಹೋತ, ಎರಡು ಇನ್ನೂ ಮರಿ ಹಾಕದವು.

ಆಗ ಒಳಗಿನಿಂದ ಮಗು ಅಳುವುದು ಕೇಳಿಸಿತು. ಐಸಮ್ಮ ಬಾಣಂತನಕ್ಕೆ ಬಂದವಳು, ಹೆತ್ತ ಮೇಲೆ ಜ್ವರ ಹಿಡಿದು ಎದೆಯಲ್ಲಿ ಹಾಲೇ ಇಲ್ಲ. ಆ ಮಗು ಒಂದು ತಿಂಗಳು ಬೊಳ್ಳಿಯ ಹಾಲಿನಲ್ಲಿ ಬದುಕಿತ್ತು. ಈಗ ಹತ್ತು ದಿನದಿಂದ ಗಂಜಿಯ ತಿಳಿ. ಎಲ್ಲಿಯಾದರೂ ಒಂದು ಕುಡ್ತೆ ದನದ ಹಾಲು ಸಿಕ್ಕಿದರೆ ಆ ದಿನ ಹಬ್ಬ. ಬೀಫಾತುಮ್ಮ ಮಗುವನ್ನು ಹೊರಗೆ ತಂದು ತೋರಿಸಿದರು. ಹೆಣ್ಣು ಮಗು, ಹೆಸರು ಜೈನಾಬಿ. ಕಾಲು ನನ್ನ ಹೆಬ್ಬೆರಳಿನಷ್ಟು ದಪ್ಪ. ಅಳು ಅಂತ ನಾನು ಬರೆದೆ, ಅಳಲಿಕ್ಕೂ ಅದಕ್ಕೆ ಉಸಿರು ಸಾಕಾಗುತ್ತಿರಲಿಲ್ಲ.

ಆ ಹೊತ್ತಿನಲ್ಲಿ ನಾನು ಹೇಳಿದ ಮಾತನ್ನು ಇವತ್ತಿನವರೆಗೆ ಅವರ ಹೊರತು ಬೇರೆ ಯಾರ ಹತ್ತಿರವೂ ಹೇಳಿಲ್ಲ. "ನೀವು ತಪ್ಪು ತಿಳ್ಕೊಂಡ್ರಿ ಬೀಫಾತುಮ್ಮ" ಅಂದೆ. ತಪ್ಪು ತಿಳಿದುಕೊಂಡದ್ದು ಅವರು. ನಾನು ಸರಿಯಾಗಿಯೇ ಓದಿದ್ದೆ. ಅವರು ಜಗಳ ಮಾಡಲಿಲ್ಲ. "ಹೌದಾಗಿರಬೇಕು" ಅಂತ ಮಗುವನ್ನು ಹೆಗಲಿಗೆ ಹಾಕಿಕೊಂಡರು.

ನನಗೆ ನಾಚಿಕೆಯಾಯಿತು. ಆ ಗುಡ್ಡದಲ್ಲಿ ಆಡು ಇರುವ ಮನೆ ಇನ್ನೂ ಐದಾರು ಇದ್ದವು. ಅವರೂ ಸಭೆಗೆ ಬಂದಿದ್ದರು, ತಲೆಯಾಡಿಸಿದ್ದರು, ಮನೆಗೆ ಹೋಗಿ ನಾನು ಹೇಳಿದ ಯಾವುದನ್ನೂ ಮಾಡಲಿಲ್ಲ. ಹಾಗಾಗಿ ಅವರ ಆಡು ಉಳಿಯಿತು. ನನ್ನನ್ನು ನಂಬಿದವರ ಆಡು ಹೋಯಿತು.

ಗುಡ್ಡದ ಕೆಳಗೆ ಬೆಳ್ಯಪ್ಪ ಗೌಡರ ಮನೆ. ಅವರಲ್ಲಿ ಒಂದು ಆಡು ಮರಿ ಹಾಕಿ ಎಂಟು ದಿನವಾಗಿದೆ ಅಂತ ನನಗೆ ಗೊತ್ತಿತ್ತು. ಓಡಿದೆ ಅಂತಲೇ ಹೇಳಬೇಕು. ಗೌಡರು ವಿಷಯ ಪೂರ್ತಿ ಕೇಳಿ ಎಲೆಯಡಿಕೆ ಉಗಿದು ಬಂದರು. "ಆಡನ್ನು ಪಾಲಿಗೆ ಕೊಡುವ. ಅವರು ಸಾಕಲಿ, ಹಾಲು ಅವರಿಗೆ, ಮುಂದೆ ಹಾಕುವ ಮರಿಯಲ್ಲಿ ಅರ್ಧ ನಮಗೆ. ಆದರೆ ಈಗ ಆಗುದಿಲ್ಲ."

"ಯಾಕೆ ಗೌಡ್ರೆ?"

"ಇವತ್ತು ಮಂಗಳವಾರ ಅಲ್ಲವಾ ಮಾರಾಯ್ರೆ. ಹಾಲು ಕರೆಯುವ ಪ್ರಾಣಿಯನ್ನು ಮಂಗಳವಾರ ಹಟ್ಟಿಯಿಂದ ಹೊರಡಿಸುದು ಉಂಟಾ? ನಾಳೆ ಬೆಳಗ್ಗೆ ಬನ್ನಿ."

ನಮ್ಮ ಮನೆಯಲ್ಲೂ ಹಾಗೆಯೇ. ಅದರಲ್ಲಿ ವಾದ ಮಾಡಲಿಕ್ಕೆ ನನಗೆ ಬಾಯಿಲ್ಲ. ಗೌಡರ ಹೆಂಡತಿ ಒಳಗಿನಿಂದ ಬಂದರು. ಅವರು ನನ್ನನ್ನು ನೋಡಲಿಲ್ಲ, ಗಂಡನನ್ನು ನೋಡಿದರು. "ಆಡು ಹೋಗುದು ಬೇಡ. ಹಾಲು ಹೋಗಬಹುದಲ್ಲ. ಪಾತ್ರೆ ಉಂಟಾ ಭಟ್ರೆ?"

ಪಾತ್ರೆ ಅಂತ ನನ್ನಲ್ಲಿ ಇದ್ದದ್ದು ಆ ಫ್ಲಾಸ್ಕು. ಒಳಗೆ ಇನ್ನೂ ತೆರೆಯದ ಎರಡು ಕುಪ್ಪಿ ಮದ್ದು. ಐಸಿನಿಂದ ಹೊರಗೆ ತೆಗೆದರೆ ಸಂಜೆಗೆ ನೀರಿಗೆ ಸಮ. ನಾನು ಖಾಯಂ ಆಗದ ನೌಕರ. ಎರಡು ನಿಮಿಷ ನಿಂತೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಐಸನ್ನು ಬಾಳೆಯ ಬುಡಕ್ಕೆ ಚೆಲ್ಲಿದೆ. ಗೌಡರ ಹೆಂಡತಿ ಮೂರು ಸಲ ಕುದಿಯುವ ನೀರು ಹಾಕಿ, ಬೂದಿ ಹಾಕಿ ತಿಕ್ಕಿ, ಮತ್ತೆ ಕುದಿನೀರಲ್ಲಿ ತೊಳೆದರು. ಆಡು ಕರೆದು, ಹಾಲು ಕಾಯಿಸಿ, ನೀರು ಬೆರೆಸಿ ತುಂಬಿಸಿದರು. ಗುಡ್ಡ ಹತ್ತಿ ಬೀಫಾತುಮ್ಮನ ಕೈಗೆ ಕೊಟ್ಟಾಗ ಹಾಲು ಇನ್ನೂ ಬೆಚ್ಚಗೆ ಇತ್ತು. ಅವರು ಬಟ್ಟೆಯ ಬತ್ತಿ ಅದ್ದಿ ಅದ್ದಿ ಮಗುವಿನ ಬಾಯಿಗೆ ಇಟ್ಟರು. ಮಗು ಚೀಪುವ ಶಬ್ದ ಅಂಗಳಕ್ಕೆ ಕೇಳುತ್ತಿತ್ತು. ನಾನು ಬೆನ್ನು ಹಾಕಿ ಕೂತು ಕೇಳಿದೆ, ಕಣ್ಣು ಒರೆಸಿಕೊಂಡೆ.

ಬುಧವಾರ ಬೆಳಗ್ಗೆ ಆಡನ್ನೂ ಅದರ ಮರಿಯನ್ನೂ ನಾನೇ ಹಗ್ಗ ಹಿಡಿದು ಗುಡ್ಡ ಹತ್ತಿಸಿದೆ. "ಆಡು ಹೋದರೆ ನಾನು ನಿಮ್ಮನ್ನು ಕೇಳುದು, ಅವರನ್ನಲ್ಲ" ಅಂತ ಗೌಡರು ಹೇಳಿ ಕಳಿಸಿದ್ದರು. ಒಪ್ಪಿಕೊಂಡು ಬಂದೆ.

ಮೂರು ದಿನ ಕಳೆದು ಡಾಕ್ಟ್ರು ಫ್ಲಾಸ್ಕಿನ ಮುಚ್ಚಳ ತೆಗೆದರು. ಮೂಗು ಹತ್ತಿರ ತಂದವರು ತಟ್ಟನೆ ಹಿಂದೆ ಸರಿದರು. "ಏನ್ರೀ ಇದು? ಫ್ಲಾಸ್ಕಲ್ಲಿ ಆಡು ಕಟ್ಟಿದ್ರಾ?" ಎಷ್ಟು ತೊಳೆದರೂ ಆಡಿನ ಹಾಲಿನ ವಾಸನೆ ಹೋಗಿರಲಿಲ್ಲ. ಎರಡು ಕುಪ್ಪಿ ಹಾಳಾದದ್ದಕ್ಕೆ ಸಮಜಾಯಿಷಿ ಬರೆದುಕೊಡಿ ಅಂದರು. ಬರೆಯುವ ಮೊದಲು ಬಾಯಲ್ಲಿ ಹೇಳುತ್ತೇನೆ ಅಂದೆ. ಸಭೆಯಿಂದ ಹಿಡಿದು ಗೌಡರ ಮಂಗಳವಾರದವರೆಗೆ ಹೇಳಿದೆ.

ಅವರು ಕರಪತ್ರ ತೆಗೆದು ಆ ಸಾಲನ್ನು ಇನ್ನೊಮ್ಮೆ ಓದಿದರು. ಕನ್ನಡ ಸರಿಯಾಗಿಯೇ ಇದೆಯಲ್ಲ ಅನ್ನುತ್ತಾರೆ ಅಂತ ಕಾದೆ. "ನಮ್ಮೂರಲ್ಲೂ ಕೂಡಿಹಾಕು ಅಂದ್ರೆ ಒಳಗೆ ಹಾಕಿ ಬಾಗಿಲು ಹಾಕೋದೇ ಕಣ್ರೀ. ಒಟ್ಟಿಗೆ ಹಾಕಬೇಡಿ ಅಂತ ಬರೆಯೋಕೆ ಏನಾಗಿತ್ತು ಇವರಿಗೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ರೀ, ನಿಮಗೆ ತುಳು ಬರುತ್ತಲ್ವಾ? ಯಾಕೆ ಕನ್ನಡದಲ್ಲಿ ಓದಿದ್ರಿ?" ಅಂದರು.

"ನಿಮಗೆ ಅರ್ಥವಾಗಲಿ ಅಂತ" ಅಂದೆ.

"ಆಡು ನನ್ನದೇನ್ರೀ?" ಅಂದರು. ಅಷ್ಟೇ ಅಂದದ್ದು. ಮದ್ದು ಹಾಳಾದ ಕಾರಣದ ಕಾಲಮ್ಮಿನಲ್ಲಿ 'ಐಸು ಕರಗಿದ್ದರಿಂದ' ಅಂತ ಅವರೇ ಬರೆದು ಸಹಿ ಹಾಕಿದರು. ಐಸು ಕರಗಿದ್ದು ಸುಳ್ಳಲ್ಲವಲ್ಲ. ಅದರ ನಂತರದ ಸಭೆಗಳಲ್ಲೆಲ್ಲ ಅವರು ಒಂದು ಬದಿಯಲ್ಲಿ ಕುರ್ಚಿ ಹಾಕಿ ಕೂತು, ಒಂದು ಅಕ್ಷರ ತಿಳಿಯದೆ, ನಾನು ತುಳುವಿನಲ್ಲಿ ಹೇಳುವುದನ್ನು ಗಂಭೀರವಾಗಿ ಕೇಳುತ್ತಿದ್ದರು. "ಏಡ್‌ಲಾ ಕೋರಿಲಾ ಒಂಜೇ ಗೂಡುಡು ಪಾಡೊಡ್ಚಿ." ಆಡನ್ನೂ ಕೋಳಿಯನ್ನೂ ಒಂದೇ ಗೂಡಿನಲ್ಲಿ ಹಾಕಬೇಡಿ. ಐದು ಶಬ್ದ, ಯಾರಿಗೂ ತಪ್ಪಲಿಕ್ಕೆ ದಾರಿಯಿಲ್ಲ. ನನ್ನ ಕೈಗೆ ಬಂದ ಅಷ್ಟೂ ಕರಪತ್ರದಲ್ಲಿ ಆ 'ಕೂಡಿಹಾಕಬಾರದು' ಅನ್ನುವುದನ್ನು ಪೆನ್ನಿನಲ್ಲಿ ಹೊಡೆದುಹಾಕಿಯೇ ಹಂಚಿದೆ.

ಬೀಫಾತುಮ್ಮನ ಗೂಡನ್ನು ನಾವು ಮತ್ತೆ ಕಟ್ಟಿದೆವು. ಈ ಸಲ ಕರಪತ್ರ ನೋಡಲಿಲ್ಲ. ಪೆರಾಬೆಯ ಮುದುಕನ ಉಣ್ಣಿಯ ಮಾತು ನನ್ನ ತಲೆಯಲ್ಲಿ ಕೂತಿತ್ತು. ಮಾಡು ಒಂದೇ, ನಡುವೆ ಮಣ್ಣಿನ ಗೋಡೆ. ಒಂದು ಬದಿಯಲ್ಲಿ ಆಡಿಗೆ ಅಟ್ಟ. ಇನ್ನೊಂದು ಬದಿಯಲ್ಲಿ ಕೋಳಿ ಕೂರಲಿಕ್ಕೆ ಅಡ್ಡ ಗಳ, ಅದಕ್ಕೆ ಕೋಳಿ ಮಾತ್ರ ನುಗ್ಗುವ ಸಣ್ಣ ಬಾಗಿಲು. ತೌಡು ಆ ಬಾಗಿಲಿನ ಒಳಗೇ, ಆಡಿನ ಮೂತಿ ತಲುಪದ ಹಾಗೆ. ಆಡಿನ ಸೊಪ್ಪನ್ನು ಕಟ್ಟು ಕಟ್ಟಿ ಮೇಲಿನಿಂದ ನೇತುಹಾಕುವುದು. ಬೆಳಗ್ಗೆ ಆಡು ಮೇಯಲು ಹೋದ ಮೇಲೆ ಅಟ್ಟದ ಅಡಿಯ ತಟ್ಟಿ ತೆಗೆದರೆ ಕೋಳಿ ಒಳಗೆ ಹೋಗಿ ಹಿಕ್ಕೆ ಕೆದಕಿ ಹುಳ ತಿನ್ನಲಿ. ಸಂಜೆ ಆಡು ಬಂದು ಅಂಗಳದಲ್ಲಿ ಮಲಗಿದಾಗ ಉಣ್ಣಿ ಹೆಕ್ಕಲಿ. ಕತ್ತಲಾಗುವ ಮೊದಲು ಅದು ಅದರ ಕಡೆ, ಇದು ಇದರ ಕಡೆ. ಹಗಲು ಒಟ್ಟಿಗೆ, ರಾತ್ರಿ ಬೇರೆ. ಆ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ಬಾಗಿಲಿಗೆ ಗಟ್ಟಿ ಚಿಲಕ ಹಾಕಲು ಮರೆಯಬಾರದು.

ಗೌಡರ ಆಡು ಮುಂದಿನ ಸಲ ಎರಡು ಮರಿ ಹಾಕಿತು. ಒಂದು ಗೌಡರಿಗೆ ಹೋಯಿತು. ಬೀಫಾತುಮ್ಮ ನನಗೂ ಏನಾದರೂ ಕೊಡಬೇಕು ಅಂತ ಹಟ ಹಿಡಿದು ಒಂದು ಗೋಣಿ ಒಣ ಹಿಕ್ಕೆ ಕಟ್ಟಿಕೊಟ್ಟರು. ಅದನ್ನು ಬಸ್ಸಿನ ಮೇಲೆ ಹಾಕಿಸಿ ಬೆಟ್ಟಂಪಾಡಿಗೆ ತಂದೆ. ಅಮ್ಮ ಮೂಗು ಮುಚ್ಚಿಕೊಂಡು ಮಲ್ಲಿಗೆಯ ಬುಡಕ್ಕೆ ಹಾಕಿಸಿದಳು. ಆ ವರ್ಷದ ಹೂ ನೋಡಿ ಅವಳಿಗೆ ಮೂಗು ಮುಚ್ಚುವುದು ಮರೆತುಹೋಯಿತು. ಆಮೇಲೆ ಬಾವಿಕಟ್ಟೆಯಲ್ಲಿ ಅವಳ ಪ್ರಶ್ನೆಯೇ ಬೇರೆ: "ಬ್ಯಾರ್ದಿಯ ಆಡು ಹೇಗುಂಟು? ಮಗು ಹೇಗುಂಟು?" ಸ್ನಾನ ಮಾತ್ರ ತಪ್ಪಲಿಲ್ಲ.

ಅರವತ್ತರ ದಶಕದ ನಡುವಿನಲ್ಲಿ ನನಗೆ ಘಟ್ಟದ ಮೇಲೆ ವರ್ಗವಾಯಿತು. ಹೇಳಿಹೋಗಲು ಮಂಡೆಕೋಲಿಗೆ ಹೋದೆ. ಸಂಜೆಯ ಹೊತ್ತು. ಜೈನಾಬಿಗೆ ಆಗ ಏಳೋ ಎಂಟೋ ವರ್ಷ. ಎರಡು ಜಡೆ, ಬಾಯಲ್ಲಿ ಮುಂದಿನ ಹಲ್ಲಿಲ್ಲ, ಆಡಿನ ಹಿಂಗಾಲನ್ನು ತನ್ನ ಮೊಣಕಾಲ ನಡುವೆ ಒತ್ತಿಹಿಡಿದು ಹಾಲು ಕರೆಯುತ್ತಿದ್ದಳು. ಬೀಫಾತುಮ್ಮ ಎಳನೀರು ತಂದು ಇಟ್ಟರು. ಈ ಸಲ ಅವರೇ ಕೆತ್ತಿ ಕೊಡಲಿ ಅಂತ ನಾನು ಕತ್ತಿಯನ್ನು ಅವರ ಕಡೆ ದೂಡಿದೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, ಕೆತ್ತಿ ಕೊಟ್ಟರು.

ಕುಡಿದು ಇಟ್ಟು, ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ತುಳುವಿನಲ್ಲೇ ಹೇಳಿದೆ. "ಅವತ್ತು ನೀವು ತಪ್ಪು ತಿಳ್ಕೊಂಡ್ರಿ ಅಂದೆ ಅಲ್ಲವಾ ಬೀಫಾತುಮ್ಮ. ತಪ್ಪು ನನ್ನದು. ನಿಮಗೆ ಅರ್ಥ ಆಗುವ ಮಾತು ನನ್ನ ಬಾಯಲ್ಲಿ ಇತ್ತು, ನಾನು ಆಡಲಿಲ್ಲ."

ಅವರು ನಕ್ಕರು. "ನನಗೆ ಸರಿಯಾಗಿ ಅರ್ಥ ಆಗಲಿಲ್ಲ ಅಂತ ನನಗೆ ಅಲ್ಲೇ ಗೊತ್ತಿತ್ತು ಭಟ್ರೆ. ಎದ್ದು ಕೇಳುವ ಅಂತ ಕಂಡಿತು."

"ಮತ್ತೆ ಯಾಕೆ ಕೇಳಲಿಲ್ಲ? ಮೊದಲು ತಲೆಯಾಡಿಸಿದ್ದು ನೀವೇ."

"ನೀವು ಅಷ್ಟು ಚಂದ ಓದಿದ್ರಿ" ಅಂದರು. "ನಿಮ್ಮ ದೊಡ್ಡ ಡಾಕ್ಟ್ರು ನಿಮ್ಮ ಮುಖವನ್ನೇ ನೋಡ್ತಾ ಇದ್ರು. ಅರ್ಥ ಆಗಲಿಲ್ಲ ಅಂತ ನಾನು ಹೇಳಿದ್ರೆ ಅವರ ಎದುರು ನಿಮ್ಮ ಮರ್ಯಾದೆ ಹೋಗುದಿಲ್ಲವಾ? ನನ್ನ ಕೋಳಿ ಉಳಿಸಿದವರು ನೀವು."

ಕೋಳಿಗಳು ಒಂದೊಂದಾಗಿ ಸಣ್ಣ ಬಾಗಿಲಿನಲ್ಲಿ ಒಳಗೆ ಹೋಗುತ್ತಿದ್ದವು. ಜೈನಾಬಿ ಆಡನ್ನು ಅಟ್ಟಕ್ಕೆ ಹತ್ತಿಸಿ ಕೈ ಒರೆಸಿಕೊಂಡಳು. ನಾನು ಎದ್ದು ಹೋಗಿ ಎರಡೂ ಬಾಗಿಲಿನ ಚಿಲಕ ಹಾಕಿದೆ, ಎಳೆದು ನೋಡಿದೆ, ಇನ್ನೊಮ್ಮೆ ಎಳೆದು ನೋಡಿದೆ.